ತೋಟದ ಕರಕಿಗೆ ಎಣ್ಣೆಯೊಂದೇ ಗತಿಯೇ?

ಮುಂಗಾರಿನ ಒಂದೆರಡು ಹದ ಮಳೆ ಬಿದ್ದರೆ ಸಾಕು, ಚಿಗಟೇರಿ ಹೋಬಳಿಯಲ್ಲಿ ಹೊಸದಾಗಿ ಅಡಿಕೆ, ನಿಂಬೆ, ದಾಳಿಂಬೆ ಇಟ್ಟವರ ಮಾತೆಲ್ಲ ಒಂದೇ ಕಡೆಗೆ ತಿರುಗುತ್ತದೆ: "ಕರಕಿಗೆ ಯಾವ ಎಣ್ಣೆ ಹೊಡೆಯಬೇಕು?" ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಬೆಳೆಗಾರರು ಸಿಕ್ಕಾಗಲೂ ಇದೇ ಪ್ರಶ್ನೆ. ಎಣ್ಣೆ ಹೊಡೆಯಲೇಬೇಕೇ ಎಂದು ಕೇಳುವವರು ಮಾತ್ರ ಕಡಿಮೆ. ಹೊಡೆಯಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಬದಲಿಗೆ ಮಾಡಬಹುದಾದ ಕೆಲಸವನ್ನೂ ಬೆಳೆಗಾರ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮದು ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಸೀಮೆ. ಅಡಿಕೆಯಂಥ ನೀರುಬಾಕ ಬೆಳೆಯನ್ನು ಇಲ್ಲಿ ಕೊಳವೆಬಾವಿ ನಂಬಿ ಇಟ್ಟಿದ್ದೇವೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಇಟ್ಟಾಗಿದೆ. ಹೀಗಿರುವಾಗ ಹನಿ ನೀರಾವರಿಯ ನಳಿಕೆಯಿಂದ ತೊಟ್ಟಿಕ್ಕುವ ಒಂದೊಂದು ಹನಿಯೂ ಲೆಕ್ಕದ್ದು. ಆ ಹನಿ ಬೀಳುವ ಜಾಗದಲ್ಲಿ ಮೊದಲು ಹಸುರಾಗುವುದು ಗಿಡವಲ್ಲ, ಕರಕಿ. ಗಿಡದ ಎಳೆಯ ಬೇರು ಇನ್ನೂ ಗೇಣುದ್ದ ಇರುವಾಗಲೇ ಇದು ಪಾತಿಯ ತುಂಬ ಜಡೆ ಹೆಣೆದಿರುತ್ತದೆ. ಗೊಬ್ಬರ ಕೊಟ್ಟರೆ ಮೊದಲ ಪಂಕ್ತಿಯೂ ಅದರದೇ. ಮೊದಲ ಮೂರು ವರ್ಷ ಹೀಗೆ ಹಿಂದೆ ಬಿದ್ದ ಗಿಡ ಆಮೇಲೆ ಎಷ್ಟು ಆರೈಕೆ ಮಾಡಿದರೂ ಸಾಲಿನ ಉಳಿದ ಗಿಡಗಳ ಸಮಕ್ಕೆ ಬರುವುದು ಕಷ್ಟ. ಆದಕಾರಣ ಕರಕಿಯನ್ನು ಅಲಕ್ಷ್ಯ ಮಾಡಿರೆಂದು ನಾವು ಹೇಳುತ್ತಿಲ್ಲ.

ಎಣ್ಣೆಯ ವಿಷಯದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಗ್ಲೈಫೋಸೇಟ್ ಕರಕಿಯನ್ನು ಒಣಗಿಸುತ್ತದೆ, ಸುಳ್ಳಲ್ಲ. ಎಲೆಯ ಮೂಲಕ ಒಳಗಿಳಿದು ನೆಲದೊಳಗಿನ ಕಾಂಡವನ್ನೂ ಕೊಲ್ಲುತ್ತದೆ. ಆದರೆ ಈ ಗುಣವೇ ನಮಗೆ ಅಪಾಯ. ಎರಡು ವರ್ಷದ ಅಡಿಕೆ ಸಸಿಯ ಬುಡವೂ ಹಸುರು, ಕೆಳಗರಿಯೂ ಹಸುರು. ದಾಳಿಂಬೆಯ ಬುಡದಲ್ಲಿ ಬರುವ ಚಿಗುರುಕಡ್ಡಿಗಳಂತೂ ಹುಲ್ಲಿನ ನಡುವೆಯೇ ಇರುತ್ತವೆ. ಗಾಳಿಗೆ ತೇಲಿಬಂದ ಸಿಂಪರಣೆ ಅವುಗಳ ಮೇಲೆ ಬಿದ್ದರೆ ಹುಲ್ಲಿಗಾದ ಗತಿಯೇ ಗಿಡಕ್ಕೂ. ನಮ್ಮ ಬಯಲಿನಲ್ಲಿ ಆಷಾಢದ ಗಾಳಿ ಹೇಗೆ ಬೀಸುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕಾನೂನು. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ನೋಂದಣಿ ಸಿಕ್ಕದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಅಡಿಕೆಗಲ್ಲ, ಕಾಫಿಗಲ್ಲ, ದಾಳಿಂಬೆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು, ಕೀಟ ನಿಯಂತ್ರಣದ ಪರವಾನಗಿ ಪಡೆದವರ ಹೊರತು ಬೇರೆ ಯಾರೂ ಇದನ್ನು ಬಳಸಕೂಡದೆಂದು ಅಧಿಸೂಚನೆ ಹೊರಡಿಸಿತು. ಇದು ಸಿಗದಾಗ ಕೆಲವರು ಪ್ಯಾರಾಕ್ವಾಟಿನ ಕಡೆಗೆ ಕೈ ಹಾಕುವುದುಂಟು. ಅದು ಹುಲ್ಲಿನ ಮೇಲ್ಭಾಗವನ್ನು ಸುಡುತ್ತದೆಯೇ ಹೊರತು ನೆಲದೊಳಗಿನ ಕಾಂಡಕ್ಕೆ ಏನೂ ಮಾಡುವುದಿಲ್ಲ. ಹದಿನೈದು ದಿನಕ್ಕೆ ಕರಕಿ ಮತ್ತೆ ಹಾಜರು. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮನೆಯಲ್ಲಿ ಮಕ್ಕಳಿರುವವರು ಅಂಥ ಡಬ್ಬಿಯನ್ನು ಅಟ್ಟದ ಮೇಲೆ ಇಡುವುದನ್ನು ನೆನೆದರೆ ನಮಗೆ ಮೈ ಜುಮ್ಮೆನ್ನುತ್ತದೆ.

ಎಣ್ಣೆ ಬಿಟ್ಟ ಮೇಲೆ ಏನು ಎಂಬುದಕ್ಕೆ ಈ ಹುಲ್ಲಿನ ಸ್ವಭಾವ ತಿಳಿಯಬೇಕು. ನಾವು ಕರಕಿ ಎನ್ನುವುದು, ಪುಸ್ತಕದ ಗರಿಕೆ, ಗಣಪನಿಗೆ ಇಪ್ಪತ್ತೊಂದು ಎಳೆ ಏರಿಸುವ ಅದೇ ಹುಲ್ಲು. ಪೂಜೆಗೆ ಇದನ್ನೇ ಆರಿಸಿದವರು ಇದರ ಜೀವಬಲ ಬಲ್ಲವರೇ ಇರಬೇಕು. ಲೆರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಪಂಚದ ಅತಿ ಕೆಟ್ಟ ಕಳೆಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅದರಲ್ಲಿ ಮೊದಲ ಸ್ಥಾನ ನಮ್ಮ ಜೇಕಿಗೆ, ಎರಡನೆಯದು ಕರಕಿಗೆ. ಎರಡೂ ನಮ್ಮ ಹೊಲದಲ್ಲೇ ಇವೆ! ಕರಕಿ ನೆಲದ ಮೇಲೂ ಓಡುತ್ತದೆ, ನೆಲದೊಳಗೂ ಓಡುತ್ತದೆ. ಅದರ ಒಂದೊಂದು ಗೆಣ್ಣೂ ಒಂದೊಂದು ಬೀಜವಿದ್ದಂತೆ. ಇಷ್ಟು ಬಲಿಷ್ಠವಾದ ಹುಲ್ಲಿಗೆ ದೌರ್ಬಲ್ಯಗಳು ಎರಡೇ. ಒಂದು, ನೆರಳನ್ನು ತಾಳುವುದಿಲ್ಲ. ಇನ್ನೊಂದು, ಕಿತ್ತು ಮೇಲೆ ಹಾಕಿದ ಕಾಂಡ ಸುಡುಬಿಸಿಲಿನಲ್ಲಿ ಕೆಲವೇ ದಿನಗಳಲ್ಲಿ ಒಣಗಿ ಸಾಯುತ್ತದೆ. ನಮ್ಮ ಕೆಲಸವೆಲ್ಲ ಈ ಎರಡರ ಮೇಲೆ ನಿಂತಿರಬೇಕು.

ಈಗ ನಡೆಯುತ್ತಿರುವುದು ಇದರ ವಿರುದ್ಧ. ಮಳೆ ಬಿದ್ದು ಹುಲ್ಲು ಎದ್ದ ಕೂಡಲೇ ಟ್ರ್ಯಾಕ್ಟರ್ ಕರೆಸಿ ಸಾಲುಗಳ ನಡುವೆ ರೋಟಾವೇಟರ್ ಹೊಡೆಸುತ್ತಾರೆ. ಅಂದು ಸಂಜೆ ತೋಟ ನೋಡಲು ಚೆಂದ. ಆದರೆ ಅದರ ಕತ್ತಿಗಳು ಒಂದು ಮೊಳದ ಕರಕಿ ಬಳ್ಳಿಯನ್ನು ಹತ್ತು ತುಂಡು ಮಾಡಿ, ಹಸಿ ಮಣ್ಣಿನಲ್ಲಿ ಅಲ್ಲಲ್ಲಿ ನೆಟ್ಟು ಹೋಗಿರುತ್ತವೆ. ಬಾಡಿಗೆ ಕೊಟ್ಟು ಹುಲ್ಲು ನಾಟಿ ಮಾಡಿಸಿದಂತಾಯಿತು. ಇದರ ಜೊತೆಗೆ ಅಡಿಕೆಯ ಬಹುಪಾಲು ಬೇರುಗಳು ಬುಡದಿಂದ ಒಂದು ಮೀಟರಿನ ಒಳಗೆ ಮೇಲುಮಣ್ಣಿನಲ್ಲೇ ಇರುತ್ತವೆ. ಬುಡದ ಹತ್ತಿರ ಯಂತ್ರ ತಂದರೆ ಅವೂ ಕತ್ತರಿಸಿ ಹೋಗುತ್ತವೆ. ಹಸಿಯಲ್ಲಿ ರೋಟಾವೇಟರ್ ಬೇಡ ಎಂಬ ಒಂದು ಮಾತನ್ನು ಪಾಲಿಸಿದರೂ ಅರ್ಧ ಕರಕಿ ಹೆಚ್ಚುವುದು ತಪ್ಪುತ್ತದೆಂದು ನಮ್ಮ ನಂಬಿಕೆ.

ಕೆಲವರ ಆಕ್ಷೇಪಣೆ ನಮಗೆ ಗೊತ್ತು: "ಆಳು ಎಲ್ಲಿ ಸಿಗುತ್ತಾರೆ? ಎಕರೆಗಟ್ಟಲೆ ಹುಲ್ಲನ್ನು ಕೈಯಿಂದ ತೆಗೆಯುವುದು ಆಗುವ ಮಾತೇ?" ಆಗುವ ಮಾತಲ್ಲ, ಮತ್ತು ತೆಗೆಯಬೇಕಾಗಿಯೂ ಇಲ್ಲ. ಒಂದು ಲೆಕ್ಕ ಹಾಕಿ ನೋಡೋಣ. 9 ಅಡಿಗೆ 9 ಅಡಿಯಂತೆ ಅಡಿಕೆ ಇಟ್ಟರೆ ಎಕರೆಗೆ ಸುಮಾರು 540 ಗಿಡ. ಒಂದೊಂದು ಗಿಡದ ಸುತ್ತ 3 ಅಡಿ ಅಗಲದ ದುಂಡು ಪಾತಿ ಎಂದರೆ 7 ಚದರ ಅಡಿ. ಎಲ್ಲ ಸೇರಿ 3,800 ಚದರ ಅಡಿ, ಅಂದರೆ ಮೂರೂವರೆ ಗುಂಟೆ. ನಲವತ್ತು ಗುಂಟೆಯ ತೋಟದಲ್ಲಿ ಹುಲ್ಲಿಲ್ಲದೆ ಇರಬೇಕಾದದ್ದು ಈ ಮೂರೂವರೆ ಗುಂಟೆ ಮಾತ್ರ. ಮೂರನೆಯ ವರ್ಷ ಪಾತಿಯನ್ನು 5 ಅಡಿಗೆ ಹಿಗ್ಗಿಸಿದರೂ ಹತ್ತು ಗುಂಟೆ ದಾಟುವುದಿಲ್ಲ. ದಾಳಿಂಬೆಯನ್ನು 15 ಅಡಿಗೆ 10 ಅಡಿಯಂತೆ ಇಟ್ಟವರಿಗೆ ಎಕರೆಗೆ 290 ಗಿಡ. 4 ಅಡಿಯ ಪಾತಿ ಹಿಡಿದರೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಉಳಿದ ಜಾಗದ ಹುಲ್ಲನ್ನು ಆಗಾಗ ಸವರಿ ಗಿಡ್ಡ ಮಾಡಿದರೆ ಸಾಕು, ಬೇರುಸಹಿತ ಕೀಳಬೇಕಿಲ್ಲ. ಮಸಾರಿ ನೆಲದಲ್ಲಿ ಅದು ಇದ್ದರೇ ಒಳ್ಳೆಯದು. ಒಂದು ಬಿರುಮಳೆಗೆ ಮೇಲುಮಣ್ಣು ಹಳ್ಳ ಸೇರುವುದನ್ನು ಅದು ತಡೆಯುತ್ತದೆ. ತೋಟ ಅಂಗಳದ ಹಾಗೆ ಬೋಳಾಗಿರಬೇಕು, ಇಲ್ಲದಿದ್ದರೆ ನೋಡಿದವರು ಏನೆಂದುಕೊಂಡಾರು ಎಂಬ ಸಂಕೋಚ ನಮ್ಮವರಲ್ಲಿದೆ. ಆ ಸಂಕೋಚಕ್ಕೆ ಖರ್ಚಾಗುವ ಹಣ ಎಣ್ಣೆಗೆ ಖರ್ಚಾಗುವುದಕ್ಕಿಂತ ಕಡಿಮೆಯದೇನೂ ಅಲ್ಲ.

ಇನ್ನು ಆ ಮೂರೂವರೆ ಗುಂಟೆಯ ಕೆಲಸ. ಪಾತಿಯೊಳಗಿನ ಕರಕಿಯನ್ನು ಒಮ್ಮೆ ಗುದ್ದಲಿಯಿಂದ ಎಬ್ಬಿಸಿ, ಕಾಂಡಗಳನ್ನು ಆರಿಸಿ ಹೊರಗೆ ಬಿಸಿಲಿಗೆ ಹರಡಬೇಕು. ಗುಡ್ಡೆ ಹಾಕಿದರೆ ಒಳಗಿನದು ಹಸಿಯಾಗಿಯೇ ಉಳಿಯುತ್ತದೆ, ತಿಪ್ಪೆಗೆ ಎಸೆದರಂತೂ ಗೊಬ್ಬರದ ಜೊತೆ ಮರಳಿ ತೋಟಕ್ಕೇ ಬರುತ್ತದೆ. ಎಬ್ಬಿಸಿದ ಮೇಲೆ ಪಾತಿಗೆ ನೀರು ಹಿಡಿಸಿ, ಹಳೆಯ ಗೋಣಿತಟ್ಟು ಅಥವಾ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ನೆನೆಸಿ ಹಾಸಬೇಕು. ಅದರ ಮೇಲೆ ಅರ್ಧ ಅಡಿ ದಪ್ಪಕ್ಕೆ ಮುಚ್ಚಿಗೆ. ದಪ್ಪದಲ್ಲಿ ಜಿಪುಣತನ ಬೇಡ. ತೆಳ್ಳಗೆ ಹಾಸಿದ ಮುಚ್ಚಿಗೆ ಕರಕಿಗೆ ತಂಪು ಕೊಟ್ಟು ಬೆಳೆಸುತ್ತದೆ. ದಪ್ಪಗೆ ಹಾಸಿದ್ದು ಬೆಳಕು ತಡೆದು ಸೊರಗಿಸುತ್ತದೆ. ನಡುವೆ ಎಲ್ಲಾದರೂ ಬಿಳಿಚಿಕೊಂಡ ಎಳೆ ಹೊರಬಂದರೆ ಹದಿನೈದು ದಿನಕ್ಕೊಮ್ಮೆ ಅಡ್ಡಾಡಿ ಕಿತ್ತು ಹಾಕುವುದು. ಒಂದು ಮಳೆಗಾಲ ಇಷ್ಟು ಮಾಡಿದರೆ ಎರಡನೆಯ ವರ್ಷದ ಕೆಲಸ ಬಹಳ ಹಗುರ.

ಮುಚ್ಚಿಗೆಗೆ ಏನು ಎಂಬುದೇ ನಮ್ಮ ಸೀಮೆಯ ದೊಡ್ಡ ಪ್ರಶ್ನೆ. ಫಸಲಿಗೆ ಬಂದ ಅಡಿಕೆ ತೋಟದಿಂದ ಹೆಕ್ಟೇರಿಗೆ ವರ್ಷಕ್ಕೆ 5ರಿಂದ 6 ಟನ್ ಸೋಗೆ, ಹಾಳೆ, ಸಿಪ್ಪೆ ಸಿಗುತ್ತದೆ. ಅದು ಹಳೆಯ ತೋಟದವರ ಭಾಗ್ಯ. ಹೊಸ ತೋಟದವರಿಗೆ ಹೊರಗಿನಿಂದಲೇ ಆಗಬೇಕು. ಜೋಳದ ಸೊಪ್ಪೆಯನ್ನು ಇದಕ್ಕೆ ಮುಟ್ಟಬಾರದು, ಅದು ದನದ ಬಾಯಿಯದು. ಶೇಂಗಾ ಹೊಟ್ಟೂ ಹಾಗೆಯೇ. ಆದರೆ ಹರಪನಹಳ್ಳಿ ತಾಲ್ಲೂಕಿನಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳವಿದೆ. ತೆನೆ ಮುರಿದ ಮೇಲೆ ನಿಂತ ದಂಟಿಗೆ ಬೆಂಕಿಯಿಡುವವರು ಎಷ್ಟೋ ಮಂದಿ. ಎಕರೆ ಅಡಿಕೆಯ ಪಾತಿಗಳಿಗೆ ಅರ್ಧ ಅಡಿ ದಪ್ಪಕ್ಕೆ ಸುಮಾರು 1,900 ಘನ ಅಡಿ ಮುಚ್ಚಿಗೆ ಬೇಕು. ಅಂದಾಜಿಗೆ ಒಂದೂವರೆ ಎರಡು ಎಕರೆ ಮೆಕ್ಕೆಜೋಳದ ದಂಟು. ಸುಟ್ಟುಹೋಗುವ ಈ ದಂಟು ಪಕ್ಕದ ತೋಟಕ್ಕೆ ಬಂದರೆ ಕರಕಿಯೂ ಅಡಗುತ್ತದೆ, ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ. ಶೇಂಗಾ ಸಿಪ್ಪೆ ಸಿಕ್ಕರೆ ಅದೂ ಆದೀತು.

ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಮಸಾರಿ ಹೊಲದಲ್ಲಿ ಒಣ ದಂಟು ಹಾಸಿದರೆ ಗೆದ್ದಲು ಬರುತ್ತದೆ. ಮುಚ್ಚಿಗೆಯನ್ನು ಬುಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಡಬೇಕು, ಒಣಗಿ ಗರಗರ ಎನ್ನಲು ಬಿಡದೆ ಹನಿ ನೀರು ಅದರ ಅಡಿಯಲ್ಲಿ ಬೀಳುವಂತೆ ನಳಿಕೆಯನ್ನು ಒಳಗೆ ಸೇರಿಸಬೇಕು. ಇಲಿ ಸೇರಿಕೊಂಡು ನಳಿಕೆ ಕಡಿಯುವುದೂ ಉಂಟು. ತಿಂಗಳಿಗೊಮ್ಮೆ ಎತ್ತಿ ನೋಡುವುದರ ಹೊರತು ಇದಕ್ಕೆ ಸುಲಭ ಉಪಾಯ ನಮಗೆ ಕಂಡಿಲ್ಲ. ಬೇಸಿಗೆಯಲ್ಲಿ ತೋಟದೊಳಗೆ ಬೀಡಿ ಸೇದುವವರನ್ನು ಬದುವಿನ ಮೇಲೆಯೇ ತಡೆಯಿರಿ.

ಸತ್ತ ಮುಚ್ಚಿಗೆಗಿಂತ ಜೀವಂತ ನೆರಳು ಇನ್ನೂ ಉತ್ತಮ. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಿಗೆ ಇದು ಹೊಸ ವಿಷಯವಲ್ಲ. ಒಳ್ಳೆಯ ನೆರಳಿನ ಕಾಫಿ ತೋಟದಲ್ಲಿ ಗರಿಕೆಯ ಕಾಟ ಕಡಿಮೆ. ಮರ ಕಡಿದು ಬಿಸಿಲು ಬಿಟ್ಟ ಜಾಗದಲ್ಲಿ ಹುಲ್ಲು ಏರುತ್ತದೆ, ಅರೇಬಿಕಾ ಆದರೆ ಅದೇ ಬಿಸಿಲಿಗೆ ಬಿಳಿ ಕಾಂಡಕೊರಕವೂ ಬರುತ್ತದೆ. ಅಲ್ಲಿ ಹಾಲುವಾಣ ಮಾಡುವ ಕೆಲಸವನ್ನು ಇಲ್ಲಿ ಎಳೆಯ ಅಡಿಕೆಯ ನಡುವೆ ತೊಗರಿ, ನುಗ್ಗೆ, ನೀರಿದ್ದವರಿಗೆ ಬಾಳೆ ಮಾಡುತ್ತವೆ. ಸಾಲುಗಳ ನಡುವೆ ಎರಡು ಸಾಲು ತೊಗರಿ ಹಾಕಿದರೆ ಹುಲ್ಲಿಗೆ ನೆರಳು, ಪಡುವಣ ಬಿಸಿಲಿನಿಂದ ಸಸಿಗೆ ರಕ್ಷಣೆ, ಮನೆಗೆ ಬೇಳೆ. ಹಿಂಗಾರಿಗೆ ಮುಂಚೆ ಹುರುಳಿಯನ್ನು ಒತ್ತಾಗಿ ಚೆಲ್ಲಿದರೂ ನೆಲ ಮುಚ್ಚುತ್ತದೆ. ಹುಲ್ಲು ತೀರ ದಟ್ಟವಾಗಿದ್ದರೆ ತುರಿಕೆಯಿಲ್ಲದ ನಸುಗುನ್ನಿ, ಅಂದರೆ ವೆಲ್ವೆಟ್ ಬೀನ್ಸ್. ಆಫ್ರಿಕದ ಬೆನಿನ್ ದೇಶದಲ್ಲಿ 1980ರ ದಶಕದ ಕೊನೆಯಿಂದ ಸಣ್ಣ ರೈತರು ಇದೇ ಬಳ್ಳಿಯನ್ನು ಬೆಳೆಸಿ, ಕರಕಿಯಂತೆಯೇ ನೆಲದೊಳಗೆ ಹಬ್ಬುವ ಇಂಪೆರಾಟ ಎಂಬ ಹುಲ್ಲನ್ನು ಅಡಗಿಸಿದರು. ಅವರಲ್ಲೂ ನಮ್ಮ ಹಾಗೆ ಆಳಿನ ಕೊರತೆಯೇ ಇತ್ತು. ಆದರೆ ಈ ಬಳ್ಳಿಗೆ ಹುಲ್ಲು ಯಾವುದು, ಅಡಿಕೆ ಸಸಿ ಯಾವುದು ಎಂಬ ಭೇದವಿಲ್ಲ. ವಾರಕ್ಕೊಮ್ಮೆ ಪಾತಿಯ ಕಡೆಗೆ ಬಂದ ಕುಡಿಗಳನ್ನು ಕತ್ತರಿಸಲು ಮನಸ್ಸಿಲ್ಲದವರು ಇದನ್ನು ಹಾಕಬಾರದು.

ಜೇಕಿನ ಮಾತು ಬೇರೆ. ಇದು ನಿಜವಾದ ಹುಲ್ಲಲ್ಲ. ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಗೊತ್ತಾಗುತ್ತದೆ. ಗಡ್ಡೆಗಳ ಸರವನ್ನೇ ನೆಲದಲ್ಲಿ ಕಟ್ಟಿಕೊಂಡಿರುವ ಇದು ಮುಚ್ಚಿಗೆಯನ್ನಷ್ಟೇ ಅಲ್ಲ, ಪ್ಲಾಸ್ಟಿಕ್ ಹಾಳೆಯನ್ನೂ ಸೂಜಿಯ ಹಾಗೆ ಚುಚ್ಚಿ ಮೇಲೆ ಬರುತ್ತದೆ. ಹುಟ್ಟಿದ ಒಂದೂವರೆ ತಿಂಗಳೊಳಗೆ ಹೊಸ ಗಡ್ಡೆ ಕಟ್ಟಲು ತೊಡಗುತ್ತದೆ. ಆದಕಾರಣ ಎರಡು ಮೂರು ವಾರಕ್ಕೊಮ್ಮೆ ತಪ್ಪದೆ ಕುರ್ಚಿಗಿ ಆಡಿಸಿ, ಗಡ್ಡೆ ತನ್ನ ಸಂಗ್ರಹ ಕರಗಿಸುವಂತೆ ಮಾಡುವುದೊಂದೇ ದಾರಿ. ಇದಕ್ಕಿಂತ ಜೇಕು ಬಾರದ ಹಾಗೆ ನೋಡಿಕೊಳ್ಳುವುದು ಸುಲಭ. ಅದು ತೋಟಕ್ಕೆ ಬರುವುದು ಹೆಚ್ಚಾಗಿ ನಾವು ಹೊತ್ತು ತಂದುದರಿಂದ: ಒಂದು, ಕೆರೆಯ ಹೂಳಿನ ಜೊತೆ; ಇನ್ನೊಂದು, ನರ್ಸರಿಯ ಪಾಲಿಥೀನ್ ಚೀಲದ ಮಣ್ಣಿನ ಜೊತೆ. ಹೂಳನ್ನು ತೋಟಕ್ಕೆ ಹಾಕುವ ಮುಂಚೆ ಒಂದು ಮಳೆಗೆ ಬದುವಿನಾಚೆ ಬಿಟ್ಟು ಏನು ಹುಟ್ಟುತ್ತದೆಂದು ನೋಡಿರಿ. ಸಸಿ ಕೊಳ್ಳುವಾಗ ಗರಿಗಳನ್ನಷ್ಟೇ ಎಣಿಸದೆ ಚೀಲದೊಳಗೂ ಕಣ್ಣು ಹಾಯಿಸಿರಿ. ಜೇಕು ಇಣುಕುತ್ತಿರುವ ಚೀಲವನ್ನು ಅಗ್ಗಕ್ಕೆ ಕೊಟ್ಟರೂ ಬೇಡ.

ಕರಕಿಯ ಸೈನ್ಯ ಬೀಡುಬಿಟ್ಟಿರುವುದು ಬದುವಿನಲ್ಲಿ. ತೋಟದೊಳಗೆ ಎಷ್ಟು ದುಡಿದರೂ ಬದುವಿನಿಂದ ಬಳ್ಳಿ ಬರುತ್ತಲೇ ಇರುತ್ತದೆ. ಬದುವಿನ ಒಳಮಗ್ಗುಲಿಗೆ ಒಂದಡಿ ಆಳದ ಕಿರುಗಾಲುವೆ ತೆಗೆದು ಅದನ್ನು ವರ್ಷಕ್ಕೆರಡು ಬಾರಿ ಸ್ವಚ್ಛ ಮಾಡುವುದು ಒಂದು ಉಪಾಯ. ಲಾವಂಚದ ಸಾಲು ಹಚ್ಚುವುದು ಇನ್ನೊಂದು. ಮೈಸೂರು ಕಡೆಯ ಗುಂಡ್ಲುಪೇಟೆಯಲ್ಲಿ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚ ಬೆಳೆಸಿಕೊಂಡು ಬಂದಿದ್ದನ್ನು ಕಂಡ ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಅದನ್ನು ದೇಶದೇಶಗಳಿಗೆ ಮಣ್ಣು ಸಂರಕ್ಷಣೆಯ ಉಪಾಯವಾಗಿ ಪ್ರಚಾರ ಮಾಡಿದರು. ಲಾವಂಚ ಬುಡ ಬಿಟ್ಟು ಹಬ್ಬುವುದಿಲ್ಲ, ಅದರ ಬೇರು ನೇರ ಕೆಳಗಿಳಿದು ಗೋಡೆಯಾಗುತ್ತದೆ. ಹೊರಗಿನ ಬಳ್ಳಿಗೆ ಒಳದಾರಿ ಸಿಗುವುದಿಲ್ಲ. ಹೊಸ ಗಿಡ ತರುವುದೆಂದರೆ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಅಂಜಿಕೆಯಿರುವುದು ಸಹಜ, ಸೌದೆಗೆಂದು ಬಂದ ಸೀಮೆಜಾಲಿ ಬಳ್ಳಾರಿಯ ಹೆಸರನ್ನೇ ಹೊತ್ತು ನಾಡೆಲ್ಲ ಹರಡಿದ್ದನ್ನು ಕಂಡವರು ನಾವು. ಆದರೆ ಬೆಳೆಸುವ ಲಾವಂಚ ಬೀಜದಿಂದ ಹರಡುವ ಜಾತಿಯಲ್ಲ, ಕಂತೆ ಒಡೆದು ನೆಟ್ಟರೆ ಮಾತ್ರ ಉಂಟು.

ಈಗಾಗಲೇ ಕರಕಿ ಹೊಕ್ಕ ಹೊಲದಲ್ಲಿ ತೋಟ ಇಡಬೇಕೆಂದಿರುವವರು ಒಂದು ಬೇಸಿಗೆ ತಡೆಯುವುದು ಲೇಸು. ಹಿಂದಿನವರು ಎರೆಹೊಲದಲ್ಲಿ ಬೇಸಿಗೆಯ ಹೊತ್ತು ಕರಕಿ ಅಗೆಸುತ್ತಿದ್ದರು. ಹೆಂಟೆ ಎದ್ದ ನೆಲವನ್ನು ಬಿಸಿಲಿಗೆ ಬಿಟ್ಟು, ಒಣಗಿದ ಕಾಂಡವನ್ನು ಆರಿಸುತ್ತಿದ್ದರು. ಇಂದು ಅಷ್ಟು ಜನ ಸಿಗುವುದಿಲ್ಲವಾದರೂ ಮಾರ್ಚ್ ಏಪ್ರಿಲ್‌ನಲ್ಲಿ ಟ್ರ್ಯಾಕ್ಟರಿನ ರೆಕ್ಕೆ ನೇಗಿಲಿನಿಂದ ಆಳವಾಗಿ ಹೊಡೆಸಿ, ಕುಂಟೆಯಲ್ಲಿ ಬಳ್ಳಿಯನ್ನು ಎಳೆದು ಒಟ್ಟುಮಾಡಬಹುದು. ಆ ತಿಂಗಳುಗಳ ಬಿಸಿಲಿಗೆ ಸಮನಾದ ಕಳೆನಾಶಕ ಯಾವ ಅಂಗಡಿಯಲ್ಲೂ ಇಲ್ಲ, ಅದಕ್ಕೆ ದುಡ್ಡೂ ಇಲ್ಲ. ಅಡಿಕೆ ಧಾರಣೆ ಏರಿದೆಯೆಂದು ಆತುರಪಟ್ಟು ಈ ಒಂದು ಬೇಸಿಗೆಯನ್ನು ಕಳೆದುಕೊಂಡವರು ಮುಂದೆ ಮೂರು ಮಳೆಗಾಲ ಆಳುಗಳಿಗೆ ಕೂಲಿ ಎಣಿಸಬೇಕಾಗುತ್ತದೆ.

ಇಷ್ಟೆಲ್ಲ ಒಬ್ಬೊಬ್ಬರೇ ಮಾಡಿಕೊಳ್ಳಲಿ ಎನ್ನುವುದಾದರೆ ಸಹಕಾರ ಸಂಘ ಏತಕ್ಕೆ? ಎರಡು ಎಕರೆಯವನು ಹುಲ್ಲು ಸವರುವ ಯಂತ್ರವನ್ನು ಕೊಂಡು ವರ್ಷದಲ್ಲಿ ಎಂಟು ದಿನ ಬಳಸಿ ಮೂಲೆಗಿಡುವುದು ದಂಡ. ಸಂಘವು ನಾಲ್ಕಾರು ಯಂತ್ರಗಳನ್ನು ಇಟ್ಟು ಸದಸ್ಯರಿಗೆ ದಿನಬಾಡಿಗೆಗೆ ಕೊಡಬೇಕು. ಲಾವಂಚದ ಕಂತೆ, ನಸುಗುನ್ನಿ ಬೀಜವನ್ನು ಒಟ್ಟಿಗೆ ತರಿಸಬೇಕು. ಸಂಘದ ಮೂಲಕ ಬರುವ ಸಸಿಗಳ ಚೀಲ ಪರೀಕ್ಷಿಸಿಯೇ ಇಳಿಸಿಕೊಳ್ಳಬೇಕು. ಎಲ್ಲಕ್ಕೂ ಮೊದಲು ಮೆಕ್ಕೆಜೋಳದ ದಂಟಿನ ಏರ್ಪಾಟು ಆಗಬೇಕು. ಬೆಂಕಿಯಿಡುವ ರೈತನಿಗೆ ಅದನ್ನು ಕಡಿಸಿ ಸಾಗಿಸುವ ಕೂಲಿ ಸಿಗುವಂತಿದ್ದರೆ ಅವನು ಸುಡುವುದಿಲ್ಲ. ತೋಟದವನಿಗೆ ಬಾಗಿಲಿಗೆ ಟ್ರಾಲಿ ಬಂದರೆ ಅವನು ಎಣ್ಣೆಯ ಅಂಗಡಿಗೆ ಹೋಗುವುದಿಲ್ಲ. ನಡುವೆ ನಿಂತು ಲೆಕ್ಕ ಬರೆಯುವವರು ಮಾತ್ರ ಇಲ್ಲ. ತೆನೆ ಮುರಿಯುವುದು ಅಕ್ಟೋಬರ್ ನವೆಂಬರ್‌ಗೆ. ಅದಕ್ಕೆ ಮುಂಚೆ ಬರುವ ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಳ್ಳಬೇಕೆಂದೂ, ಎಷ್ಟು ಲೋಡು ದಂಟು ಬೇಕೆಂಬುದನ್ನು ಸದಸ್ಯರು ಈಗಲೇ ಕಚೇರಿಯಲ್ಲಿ ಬರೆಸಬೇಕೆಂದೂ ಕೇಳಿಕೊಳ್ಳುತ್ತೇವೆ.